ಊರನ್ನೆಲ್ಲ ಕೇಳಿ ಹಾಕಿಸಿದ ಹ್ಯಾಂಡಲ್

ನನ್ನ ತಮ್ಮ ಪಂಚಾಕ್ಷರಪ್ಪ ಊರಲ್ಲಿ ಒಳ್ಳೆಯ ಮನುಷ್ಯ ಅನ್ನಿಸಿಕೊಂಡಿದ್ದಾನೆ. ಹಿರಿಯೂರಿನ ಬಸ್ ಸ್ಟ್ಯಾಂಡಿನಿಂದ ವೇದಾವತಿ ಸೇತುವೆಯ ತನಕ ಯಾರನ್ನು ಕೇಳಿದರೂ ಒಂದೇ ಮಾತು: "ಕಾಯಿ ಮಂಡಿ ಪಂಚಾಕ್ಷರಪ್ಪನೋರಾ? ಬಾಳ ಒಳ್ಳೇರು. ಒಂದು ಕೆಲ್ಸ ಮಾಡಬೇಕಂದ್ರೆ ನಾಕು ಜನಾನ ಕೇಳಿ ಮಾಡ್ತಾರೆ." ಕೇಳುವುದೇನೋ ನಿಜ. ನಾಕು ಜನ ಯಾಕೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾನೆ. ಆ ಕೆಲಸ ಯಾರಿಗಾಗಿ ನಡೆಯುತ್ತಿದೆಯೋ ಅವರೊಬ್ಬರನ್ನು ಮಾತ್ರ ಕೇಳುವುದಿಲ್ಲ. ಅವನನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾನು ಅವನ ಅಕ್ಕ, ಏಕಾಂತಮ್ಮ. ಬಾಗೂರಿನ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು. ಯಜಮಾನರು ತೀರಿಕೊಂಡ ಮೇಲೆ ತಮ್ಮನ ತೆಂಗಿನಕಾಯಿ ಮಂಡಿಯ ಹಿಂದಿನ ಮನೆಯಲ್ಲೇ ಒಂದು ಕೋಣೆಯಲ್ಲಿದ್ದೇನೆ. ಅವನ ಅನ್ನ ತಿಂದು ಅವನನ್ನೇ ಬಯ್ಯುತ್ತೀಯಾ ಎಂದು ಯಾರಾದರೂ ಕೇಳಿದರೆ, ಅಡುಗೆ ಮಾಡುವವಳು ನಾನು, ಅವನೇ ನನ್ನ ಅನ್ನ ತಿನ್ನುವುದು ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಅವನ ಈ ಚಾಳಿ ಇವತ್ತಿನದಲ್ಲ. ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವನನ್ನು ಕೇಳಿದ, ಪಕ್ಕದ ಮನೆಯವರನ್ನು ಕೇಳಿದ, ವಾಪಸ್ ಬರುವಾಗ ಬಸ್ಸಿನ ಕಂಡಕ್ಟರನ್ನೂ ಕೇಳಿದ. ಕಂಡಕ್ಟರ್ ಪಾಪ, "ಒಳ್ಳೇ ಮನೆತನ ಅಂತಾರೆ ಸಾರ್, ಟಿಕೆಟ್ ತಗಳ್ರಿ" ಅಂದನಂತೆ. ಮದುವೆ ಆಯಿತು. "ನಿಂಗೆ ಈ ಗಂಡು ಬೇಕಾ ಅಂತ ನನ್ನೊಬ್ಬಳನ್ನೇ ಯಾರೂ ಕೇಳ್ಲಿಲ್ಲ ಕಣಕ್ಕಾ" ಎಂದು ಅವನ ಹೆಂಡತಿ ದ್ಯಾಮಮ್ಮ ಈಗಲೂ ರಾಗಿ ಮುದ್ದೆ ತಿರುವುತ್ತ ಹೇಳುತ್ತಾಳೆ. ಮನೆ ಕಟ್ಟಿಸಿದಾಗ ಅಡುಗೆಮನೆಯ ಕಿಟಕಿ ಯಾವ ಕಡೆ ಇಡಬೇಕೆಂದು ಎಣ್ಣೆ ಮಿಲ್ಲಿನ ಓಬಳೇಶಪ್ಪನನ್ನು ಕೇಳಿದ. ಓಬಳೇಶಪ್ಪ ಹುಟ್ಟಿದಾಗಿನಿಂದ ಒಂದು ಲೋಟ ಕಾಫಿಯನ್ನೂ ಕಾಸಿದವನಲ್ಲ. ಅವನು ತೋರಿಸಿದ ಕಡೆ ಕಿಟಕಿ ಬಂತು. ಒಗ್ಗರಣೆಯ ಹೊಗೆ ಇವತ್ತಿಗೂ ನಮ್ಮಿಬ್ಬರ ಕಣ್ಣಿಗೇ ಬಡಿಯುತ್ತದೆ.

ಇಷ್ಟು ದಿನ ಇವನ ಚಾಳಿಯಿಂದ ಹೊಗೆ ಕುಡಿದೆವು, ನಕ್ಕು ಸುಮ್ಮನಾದೆವು. ಬಿಂದುವಿನ ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ.

ಬಿಂದು ಅವನ ಒಬ್ಬಳೇ ಮಗಳು. ಪಿಯುಸಿ ಎರಡನೇ ವರ್ಷ. ಹೈಸ್ಕೂಲಿನಲ್ಲಿದ್ದಾಗ ಯಾರೋ ಹಳೆಯ ಸವಾರರು ಮಾರಿದ ರೇಸ್ ಸೈಕಲ್ಲೊಂದು ಅವಳ ಕೈಗೆ ಬಂತು. ಕಬ್ಬಿಣದ ಚೌಕಟ್ಟು, ಕುರಿ ಕೊಂಬಿನಂತೆ ಬಾಗಿದ ಹ್ಯಾಂಡಲ್, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಅದನ್ನು ಹತ್ತಿ ಬೆಳಗಾಗುತ್ತಲೇ ಮಾರಿಕಣಿವೆಗೆ ಹೋಗಿ, ಅಣೆಕಟ್ಟೆಯ ಹತ್ತಿರ ನೀರು ಕುಡಿದು, ಕಾಲೇಜಿನ ಹೊತ್ತಿಗೆ ವಾಪಸ್ ಬರುತ್ತಿದ್ದಳು. ಅಣೆಕಟ್ಟೆಯ ನೀರಾವರಿ ಇಲಾಖೆಯವರು, ಮೀನು ಹಿಡಿಯುವವರು ಎಲ್ಲರಿಗೂ ಅವಳ ಗುರುತಿತ್ತು. ಜಿಲ್ಲೆಯಿಂದ ಒಬ್ಬ ಹುಡುಗಿಯನ್ನು ರಾಜ್ಯದ ಕ್ರೀಡಾ ಹಾಸ್ಟೆಲ್ಲಿಗೆ ಆರಿಸುವ ಸ್ಪರ್ಧೆ ದಸರಾ ಮುಗಿದ ಮಾರನೆಯ ದಿನ ಚಿತ್ರದುರ್ಗದಲ್ಲಿ ಇತ್ತು. ಹಿಂದಿನ ವರ್ಷ ಸ್ವಲ್ಪದರಲ್ಲಿ ತಪ್ಪಿತ್ತು. ಆರಿಸಿಕೊಂಡರೆ ಹಾಸ್ಟೆಲ್ಲು, ಕೋಚು, ಅವರದೇ ಹೊಸ ಸೈಕಲ್ಲು. ಇಲ್ಲದಿದ್ದರೆ ಅವಳ ಸೈಕಲ್ ಬದುಕು ಅಲ್ಲಿಗೆ ಮುಗಿಯಿತು. ಯಾಕೆಂದರೆ ಆ ಆಯ್ಕೆಗೆ ಹದಿನೆಂಟು ವರ್ಷದ ಮಿತಿ.

ಇದನ್ನು ಅವಳು ಅಪ್ಪನಿಗೆ ಊಟಕ್ಕೆ ಕೂತಾಗ ಹೇಳಿದ್ದು ನನ್ನ ಎದುರೇ. "ಅಪ್ಪಾ, ನಂಗೆ ಇದೇ ಕೊನೇ ವರ್ಷ. ಮುಂದಿನ ವರ್ಷ ವಯಸ್ಸು ಮೀರ್ತೈತೆ." ಅವನು ಫೋನಿನಲ್ಲಿ ಯಾರನ್ನೋ ಕೊಬ್ಬರಿ ಈಗ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳುತ್ತಿದ್ದ. ಕೈಯಲ್ಲೇ ಹೂಂ ಎಂದು ಸನ್ನೆ ಮಾಡಿದ.

ಸ್ಪರ್ಧೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಐಮಂಗಲದ ಹತ್ತಿರ ನಾಯಿ ಅಡ್ಡ ಬಂದು ಬಿಂದು ಬಿದ್ದಳು. ಮೊಣಕೈ ತರಚಿತು, ಅಷ್ಟೆ. ಹ್ಯಾಂಡಲ್ ಮಾತ್ರ ಒಂದು ಕಡೆ ಸೊಟ್ಟಗಾಯಿತು. ಸೊಟ್ಟಗಾದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿ ಓಡಿಸಬಾರದಂತೆ, ಹೊಸದೇ ಹಾಕಬೇಕಂತೆ. ಅಲ್ಯೂಮಿನಿಯಂದು ಹಾಕುವುದೋ ಕಾರ್ಬನ್ನಿನದು ಹಾಕುವುದೋ ಎಂಬ ಪ್ರಶ್ನೆ ಎದ್ದಿತು. ಎದ್ದದ್ದು ಬಿಂದುವಿಗಲ್ಲ, ನನ್ನ ತಮ್ಮನಿಗೆ.

"ಅಲ್ಯೂಮಿನಿಯಮ್ಮೇ ಸಾಕು ಅತ್ತೆ" ಎಂದು ಅವಳು ನನಗೆ ಹೇಳಿದಳು. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಚೈನು ಒರೆಸುತ್ತಿದ್ದಳು. "ಇದು ಹಳೇ ಸೈಕಲ್ಲು. ಕಾರ್ಬನ್ ಹಾಕ್ಬೇಕಂದ್ರೆ ಹ್ಯಾಂಡಲ್ ಹಿಡಿಯೋ ಕುತ್ತಿಗೇನೂ ಬದ್ಲಾಯಿಸ್ಬೇಕು. ಬಿಗಿ ಕಮ್ಮಿ ಆದ್ರೆ ಜಾರ್ತೈತೆ, ಜಾಸ್ತಿ ಆದ್ರೆ ಸೀಳ್ತೈತೆ. ಅಲ್ಯೂಮಿನಿಯಂ ಆದ್ರೆ ಹೆಂಗ್ ಕಟ್ಟಿದ್ರೂ ತಡೀತೈತೆ. ನಮ್ಮನೇಲಿ ಯಾರು ಯಾವಾಗ ಏನು ಬಿಚ್ತಾರೋ ಗೊತ್ತಾಗಲ್ಲ."

"ನಿಮ್ಮಪ್ಪಂಗೆ ಹೇಳು" ಅಂದೆ.

"ಹೇಳ್ದೆ. ವಿಚಾರಿಸ್ತೀನಿ ಅಂದ್ರು."

ವಿಚಾರಣೆ ಶುರುವಾಯಿತು. ಮೊದಲು ಹೋದದ್ದು ಓಬಳೇಶಪ್ಪನ ಎಣ್ಣೆ ಮಿಲ್ಲಿಗೆ. ಕಿಟಕಿ ಇಡಿಸಿದ ಆ ಮಹಾನುಭಾವ ಎಲೆ ಅಡಿಕೆ ಅಗಿಯುತ್ತ, "ಕಾರ್ಬನ್ ಅಂದ್ರೆ ಇದ್ಲು ಅಲ್ವೇನಪ್ಪ? ಆದ್ರೂ ಅದಕ್ಕೇ ರೇಟು ಜಾಸ್ತಿ ಅಂತೀಯ. ಜಾಸ್ತಿ ರೇಟಿಂದು ಒಳ್ಳೇದೇ ಇರ್ತೈತೆ ಬಿಡು" ಎಂದು ತೀರ್ಪು ಕೊಟ್ಟ. ಆಮೇಲೆ ಮಠದ ಐನೋರ ಹತ್ತಿರ ಹೋದ. ಐನೋರು ಹಿರಿಯರು, ಪೂಜೆ ಮುಗಿಸಿ ಕೂತಿದ್ದವರು ಇವನು ಹೇಳಿದ್ದನ್ನೆಲ್ಲ ಕೇಳಿ, "ಓಡ್ಸೋ ಮಗು ಏನಂತೈತೆ?" ಎಂದು ಒಂದೇ ಮಾತು ಕೇಳಿದರಂತೆ. "ಅವ್ಳು ಚಿಕ್ಕೋಳು ಬುದ್ಧಿ, ಅವ್ಳಿಗೇನು ತಿಳೀತೈತೆ" ಎಂದು ಇವನು ಕಾಲಿಗೆ ಬಿದ್ದು ವಿಭೂತಿ ಹಚ್ಚಿಸಿಕೊಂಡು ಬಂದ. ಮನೆಗೆ ಬಂದವನು, "ಐನೋರು ಆಶೀರ್ವಾದ ಮಾಡಿದ್ರು ಕಣಕ್ಕ" ಎಂದ. ಯಾವುದಕ್ಕೆ ಮಾಡಿದರು ಎಂದು ಕೇಳಿದೆ. ಅವನು ಹಣೆಯ ವಿಭೂತಿ ಸವರಿಕೊಳ್ಳುತ್ತ ಮಂಡಿಗೆ ಹೋದ.

ಕೊನೆಗೆ ಸಿಕ್ಕವನು ಮಂಜುನಾಥ್. ದುರ್ಗದಲ್ಲಿ ವಿಮೆ ಏಜೆಂಟು. ಭಾನುವಾರ ಬಂತೆಂದರೆ ತನ್ನಂಥ ಒಂದಷ್ಟು ಜನರನ್ನು ಕಟ್ಟಿಕೊಂಡು, ಮೈಗೆ ಅಂಟಿದ ಬಣ್ಣದ ಬಟ್ಟೆ ತೊಟ್ಟು, ಹೈವೇ ಹೋಟೆಲ್ಲಿನ ತನಕ ಸೈಕಲ್ ಹೊಡೆದು, ಇಡ್ಲಿ ವಡೆ ತಿಂದು, ಫೋಟೋ ತೆಗೆಸಿಕೊಂಡು ವಾಪಸ್ ಹೋಗುವ ಕುಳ. ತೂಕ ಇಳಿಸಬೇಕೆಂದು ಸೈಕಲ್ಲಿಗೆ ಮೇಲಿಂದ ಕೆಳಗೆ ಕಾರ್ಬನ್ ಹಾಕಿಸಿದ್ದಾನೆ. ಹೊಟ್ಟೆ ಮಾತ್ರ ಇದ್ದ ಹಾಗೇ ಇದೆ.

ಅವನು ನಮ್ಮ ಮಂಡಿಗೆ ಬಂದು, ತನ್ನ ಸೈಕಲ್ಲನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದ. "ಕಾರ್ಬನ್ ಅಂದ್ರೆ ರಸ್ತೆ ಅದುರೋದೇ ಕೈಗೆ ಗೊತ್ತಾಗಲ್ಲ ಸಾರ್. ಮಗಳ ಭವಿಷ್ಯ ನೋಡ್ರಿ. ಈ ಕಾಲದಾಗೆ ಯಾರು ಅಲ್ಯೂಮಿನಿಯಂ ಹಾಕ್ಸ್ತಾರೆ?"

ಬಿಂದು ಅಲ್ಲೇ ಕಾಯಿ ರಾಶಿಯ ಪಕ್ಕ ನಿಂತಿದ್ದಳು. "ಅಂಕಲ್, ನಮ್ದು ಕಬ್ಬಿಣದ ಸೈಕಲ್ಲು. ಹ್ಯಾಂಡಲ್ ಒಂದು ಹಗುರ ಆದ್ರೆ ಏನಾಗ್ತೈತೆ?" ಅಂದಳು.

ಮಂಜುನಾಥ್ ಅವಳ ಕಡೆ ನೋಡಲೇ ಇಲ್ಲ. ನನ್ನ ತಮ್ಮನ ಕಡೆ ನೋಡಿ ನಕ್ಕ. ನನ್ನ ತಮ್ಮ ಅವನ ಕಡೆ ನೋಡಿ ನಕ್ಕ. ಇಬ್ಬರು ಗಂಡಸರು ಹೀಗೆ ಒಬ್ಬರನ್ನೊಬ್ಬರು ನೋಡಿ ನಕ್ಕರೆ ಆ ಮನೆಯ ಹೆಣ್ಣುಮಕ್ಕಳ ಮಾತು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಬಿಂದು ಒಳಗೆ ಹೋದಳು.

ಕಾರ್ಬನ್ ಹ್ಯಾಂಡಲ್ ಬಂತು. ಕಪ್ಪಗೆ, ಹಾವಿನ ಮೈ ಹಾಗೆ ಮಿಂಚುತ್ತಿತ್ತು. ಮಂಜುನಾಥನೇ ಬಂದು ಹೊಸ ಕುತ್ತಿಗೆ ಕೂಡಿಸಿ ಹ್ಯಾಂಡಲ್ ಜೋಡಿಸಿದ. ನ್ಯಾಯ ಹೇಳಬೇಕು, ಕೆಲಸ ನೀಟಾಗಿಯೇ ಮಾಡಿದ. ಹಿಡಿತದ ಜಾಗಕ್ಕೆ ಮರಳು ಮರಳಾದ ಒಂದು ಪೇಸ್ಟು ಬಳಿದು, ಬಿಗಿ ಅಳೆಯುವ ಸ್ಪ್ಯಾನರಿನಲ್ಲಿ ತಿರುಗಿಸಿ, ನನ್ನ ತಮ್ಮನಿಗೆ ಎರಡು ಮಾತು ಹೇಳಿದ. "ಸಾರ್, ಇಲ್ಲಿಗೆ ಎಣ್ಣೆ, ಗ್ರೀಸು ಸೋಕಂಗಿಲ್ಲ. ಈ ಪೇಸ್ಟೇ ಇದನ್ನ ಹಿಡ್ಕಂಡಿರೋದು. ಮತ್ತೆ ಬೋಲ್ಟು ಜಾಸ್ತಿ ಬಿಗಿ ಮಾಡ್ಬ್ಯಾಡ್ರಿ, ಸೀಳ್ತೈತೆ." ನನ್ನ ತಮ್ಮ ತಲೆ ಆಡಿಸಿದ. ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿಲ್ಲ.

ಬಿಂದು ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಅವಳಿಗೆ ಹೊತ್ತಿರಲಿಲ್ಲ. ಅದೇ ಹ್ಯಾಂಡಲ್ಲಿಗೆ ಕೈ ಒಗ್ಗಿಸಿಕೊಂಡಳು. ದಿನಾ ಮಾರಿಕಣಿವೆ, ದಿನಾ ವಾಪಸ್. ಬಗ್ಗಿ ಕೆಳಗಿನ ಬಾಗು ಹಿಡಿದು ಹೊಡೆಯುವುದನ್ನು ರೂಢಿ ಮಾಡಿಕೊಂಡಳು. "ಪರವಾಗಿಲ್ಲತ್ತೆ, ಈ ಸಲ ಆಗ್ತೈತೆ" ಎಂದು ಒಂದು ದಿನ ಬೆವರು ಒರೆಸಿಕೊಳ್ಳುತ್ತ ಅವಳಾಗಿಯೇ ಹೇಳಿದಳು. ಅವಳು ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ. ನನಗೆ ಆ ರಾತ್ರಿ ಊಟ ಚೆನ್ನಾಗಿ ಸೇರಿತು.

ಆಮೇಲೆ ಆಯುಧಪೂಜೆ ಬಂತು.

ನಮ್ಮದು ಕಾಯಿ ಮಂಡಿ. ಕಾಯಿ ಸುಲಿಯುವ ಕಬ್ಬಿಣ, ಮಚ್ಚು, ತಕ್ಕಡಿ, ಗುದ್ದಲಿ, ಎಲ್ಲವನ್ನೂ ಆ ದಿನ ಬಿಚ್ಚುವಷ್ಟು ಬಿಚ್ಚಿ, ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಮತ್ತೆ ಜೋಡಿಸಿ, ವಿಭೂತಿ ಬಳಿದು ಸಾಲಾಗಿ ಇಡುವುದು ನಮ್ಮ ತಾತನ ಕಾಲದಿಂದ ನಡೆದು ಬಂದದ್ದು. ಎಣ್ಣೆ ಕಾಣದ ಆಯುಧಕ್ಕೆ ನಮ್ಮ ಮನೆಯಲ್ಲಿ ಪೂಜೆ ಇಲ್ಲ. ಇಟ್ಟದ್ದನ್ನು ಮಾರನೆಯ ದಿನ ಸಂಜೆ ಬನ್ನಿ ಮುಡಿದು ಬರುವ ತನಕ ಯಾರೂ ಮುಟ್ಟುವಂತಿಲ್ಲ. ಬಿಂದುವಿನ ಸೈಕಲ್ಲಿಗೂ ಪ್ರತಿ ವರ್ಷ ಇದೇ ಸೇವೆ. ಹಳೆಯ ಅಲ್ಯೂಮಿನಿಯಂ ಹ್ಯಾಂಡಲ್ಲನ್ನು ನನ್ನ ತಮ್ಮ ಬಿಚ್ಚಿ, ಎಣ್ಣೆ ಸವರಿ, ಜಗ್ಗಿ ಬಿಗಿ ಮಾಡುತ್ತಿದ್ದ. ಅದಕ್ಕೆ ಏನೂ ಆಗುತ್ತಿರಲಿಲ್ಲ, ಇನ್ನೂ ಒಳ್ಳೆಯದೇ ಆಗುತ್ತಿತ್ತೇನೋ.

ಈ ವರ್ಷವೂ ಅವನು ಮಂಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತ. ಬಿಂದು ಅಮ್ಮನ ಜೊತೆ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಇವನು ಕಾರ್ಬನ್ ಹ್ಯಾಂಡಲ್ಲಿನ ಬೋಲ್ಟು ಬಿಚ್ಚಿದ. ಒಳಗಿನ ಪೇಸ್ಟು ನೋಡಿ, "ಇದೇನು ಮಣ್ಣು ಮೆತ್ಯಾನೆ" ಎಂದು ಹಳೇ ಪಂಚೆಯಲ್ಲಿ ಉಜ್ಜಿ ಉಜ್ಜಿ ತೆಗೆದ. ಬಟ್ಟಲಿನ ಕೊಬ್ಬರಿ ಎಣ್ಣೆಯಲ್ಲಿ ಬೆರಳು ಅದ್ದಿ ಭಕ್ತಿಯಿಂದ ಸವರಿದ. ಮಂಜುನಾಥ್ ಹೇಳಿದ ಎರಡು ಮಾತಿನಲ್ಲಿ ಒಂದು ಮರೆತಿತ್ತು, ಇನ್ನೊಂದು ಸರಿಯಾಗಿ ನೆನಪಿತ್ತು. ಸೀಳೀತು ಎಂದು ಬೋಲ್ಟನ್ನು ಹಗುರವಾಗಿ ತಿರುಗಿಸಿ ಬಿಟ್ಟ. ಇದನ್ನೆಲ್ಲ ಆಮೇಲೆ ಅವನ ಬಾಯಿಂದಲೇ ಬಿಡಿಸಿ ತಿಳಿದುಕೊಂಡದ್ದು. ಹಪ್ಪಳದ ಹಿಟ್ಟಿಗೆ ಉಪ್ಪು ಎಷ್ಟು ಎಂದು ಊರನ್ನು ಕೇಳುವ ಮನುಷ್ಯ, ಆ ದಿನ ಎಣ್ಣೆ ಹಚ್ಚಲೋ ಬೇಡವೋ ಎಂದು ಒಂದು ನರಪಿಳ್ಳೆಯನ್ನೂ ಕೇಳಲಿಲ್ಲ.

ದಶಮಿಯ ಬೆಳಿಗ್ಗೆ ಬಿಂದು ಪೂಜೆಯ ಸಾಲಿನ ಮುಂದೆ ಬಂದು ನಿಂತಳು. ಸೈಕಲ್ಲಿಗೆ ಚೆಂಡು ಹೂವಿನ ಹಾರ, ಹ್ಯಾಂಡಲ್ಲಿಗೆ ಮೂರು ಬೆರಳಿನ ವಿಭೂತಿ.

"ಅಪ್ಪಾ, ಏನಾದ್ರೂ ಬಿಚ್ಚಿದ್ಯಾ?"

"ಎಲ್ಲಾ ಸರಿಯಾಗಿ ಜೋಡ್ಸೀನಿ ಕಣವ್ವ."

"ಒಂದು ರೌಂಡ್ ಹೊಡ್ದು ನೋಡ್ತೀನಿ. ನಾಳೆ ಬೆಳಿಗ್ಗೇನೇ ಸ್ಪರ್ಧೆ."

"ಬನ್ನಿ ಮುಡಿಯೋ ತಂಕ ಮುಟ್ಟಂಗಿಲ್ಲ. ಕೆಟ್ಟದಾಗ್ತೈತೆ."

ಅವಳು ನನ್ನ ಕಡೆ ನೋಡಿದಳು. ಬಿಡೋ, ಒಂದು ರೌಂಡ್ ಹೋಗಿ ಬರಲಿ ಎಂದು ನಾನೂ ಹೇಳಿದೆ. "ನೀನು ಸುಮ್ನಿರಕ್ಕ, ಶಾಸ್ತ್ರ ಬಿಡಕ್ಕಾಗ್ತೈತಾ" ಎಂದ. ಸಂಜೆ ಬನ್ನಿ ಹಂಚಿ, ಊರಿನವರನ್ನೆಲ್ಲ ಅಪ್ಪಿಕೊಂಡು, ನಾಳೆ ಮಗಳ ಸ್ಪರ್ಧೆ ಎಂದು ಎಲ್ಲರಿಗೂ ಹೇಳಿ ಬರುವ ಹೊತ್ತಿಗೆ ಕತ್ತಲಾಗಿತ್ತು. ಬೆಳಕು ಹರಿಯುವ ಮೊದಲೇ ಸೈಕಲ್ಲನ್ನು ಗೂಡ್ಸ್ ಗಾಡಿಗೆ ಹಾಕಿ ದುರ್ಗಕ್ಕೆ ಹೊರಟೆವು.

ಸ್ಪರ್ಧೆ ಹೊಳಲ್ಕೆರೆ ರಸ್ತೆಯಲ್ಲಿ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಹೋಗಿ ಗುರುತಿನ ಜಾಗದಲ್ಲಿ ತಿರುಗಿ ಬರಬೇಕು. ಆ ದಿನ ಗಾಳಿ ಜೋರಿತ್ತು, ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಭರ್ರನೆ ತಿರುಗುತ್ತಿದ್ದವು. ಇಂಥ ಗಾಳಿಗೆ ಬಗ್ಗಿ ಹೊಡೆಯುವವರಿಗೇ ಲಾಭ ಎಂದು ಬಿಂದು ಖುಷಿಯಲ್ಲೇ ಇದ್ದಳು. ಸಾಲಿನಲ್ಲಿ ನಿಂತಾಗ ನನಗೆ ಕೈ ಬೀಸಿದಳು. ಹೊರಟದ್ದನ್ನು ನೋಡಿದೆ. ನಮ್ಮ ಹುಡುಗಿಯ ಹಾಗೆ ಯಾರೂ ಹೊರಡಲಿಲ್ಲ, ಇದನ್ನು ನಾನು ಅತ್ತೆ ಎಂದು ಹೇಳುತ್ತಿಲ್ಲ.

ಅವಳ ಹಿಂದೆ ಹೊರಟ ಹುಡುಗಿಯರು ಮೊದಲು ಬಂದರು. ಒಬ್ಬಳು, ಇನ್ನೊಬ್ಬಳು, ಮತ್ತೊಬ್ಬಳು. ಆಮೇಲೆ ಬಿಂದು ಕಂಡಳು. ಬೆನ್ನು ನೆಟ್ಟಗೆ, ತರಕಾರಿ ತರಲು ಹೋದವಳಂತೆ ಕೂತು, ಎರಡೂ ಕೈ ಹ್ಯಾಂಡಲ್ಲಿನ ನಡುವಿಗೆ ಹಿಡಿದು ಬರುತ್ತಿದ್ದಳು. ಬಾಗಿದ ಕೊಂಬುಗಳು ಕೆಳಗೆ ಮಗುಚಿ ನೆಲ ನೋಡುತ್ತಿದ್ದವು. ಬ್ರೇಕು ಕೈಗೆ ಎಟುಕುತ್ತಿರಲಿಲ್ಲ. ಗೆರೆ ದಾಟಿ, ಕಾಲು ಉಜ್ಜಿ ನಿಲ್ಲಿಸಿ, ಸೈಕಲ್ಲನ್ನು ಬೇಲಿಗೆ ಒರಗಿಸಿ ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮೊದ್ಲನೇ ರೋಡ್ ಹಂಪಿಗೇ ಜಾರ್ತು ಅತ್ತೆ. ಇಳ್ದು ಎತ್ತಿ ಬಿಗಿ ಮಾಡ್ದೆ. ಮತ್ತೆ ಜಾರ್ತು" ಎಂದಳು.

ನನ್ನ ತಮ್ಮ ಏನು ಮಾಡುತ್ತಿದ್ದ ಎನ್ನುತ್ತೀರಿ? ಕೇಳುತ್ತಿದ್ದ. ಸ್ಪರ್ಧೆ ನಡೆಸುವವರನ್ನು ಕೇಳಿದ, ಬೇರೆ ಹುಡುಗಿಯರ ಅಪ್ಪಂದಿರನ್ನು ಕೇಳಿದ, ಎಳನೀರು ಮಾರುವವನನ್ನು ಕೇಳಿದ. "ಯಾಕೆ ಹಿಂಗಾಯ್ತು ಅಂತೀರಿ? ಕಾರ್ಬನ್ನೇ ಹಾಕ್ಸಿದ್ವಲ್ಲ?" ಎಳನೀರಿನವನು ಕಾಯಿ ಕೊಚ್ಚುತ್ತ, ಗ್ರಹಚಾರ ಸಾರ್ ಎಂದ. ನನ್ನ ತಮ್ಮನಿಗೆ ಆ ಉತ್ತರ ಇಷ್ಟವಾದಂತೆ ಕಂಡಿತು.

ಅಷ್ಟರಲ್ಲಿ ಸ್ಪರ್ಧೆ ನೋಡಲು ಬಂದಿದ್ದ ಮಂಜುನಾಥ್ ಹ್ಯಾಂಡಲ್ಲಿನ ಸಂದಿಗೆ ಬೆರಳು ತೂರಿಸಿದ. ಬೆರಳನ್ನು ಮೂಗಿನ ಹತ್ತಿರ ಹಿಡಿದ. "ಸಾರ್, ಇದು ಕೊಬ್ಬರಿ ಎಣ್ಣೆ" ಎಂದ.

ನನ್ನ ತಮ್ಮ ತನ್ನ ಕೈಯನ್ನು ತಾನೇ ನೋಡಿಕೊಂಡ. ಯಾರನ್ನೂ ಏನೂ ಕೇಳದೆ ಅವನು ನಿಂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಆಮೇಲೆ ನಿಧಾನಕ್ಕೆ ಬಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಪ್ಪಾಯ್ತವ್ವ. ನೀನು ಹೇಳಿದ್ದೇ ಸರಿ ಇತ್ತು. ಮುಂದಿನ ಸಲಕ್ಕೆ ಯಾವ್ದು ಹಾಕ್ಸಾಣ, ಹೇಳು. ನೀನು ಅಂದಂಗೇ ಆಗ್ಲಿ."

ಹುಟ್ಟಿದಾಗಿನಿಂದ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

ಬಿಂದು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. "ಮುಂದಿನ ಸಲ ಇಲ್ಲಪ್ಪ. ಇದೇ ಕೊನೇದು ಅಂತ ಹೇಳಿದ್ನಲ್ಲ" ಎಂದಳು.

"ಯಾವಾಗ ಹೇಳ್ದೆ?" ಎಂದು ಅವನು ನನ್ನ ಕಡೆ ತಿರುಗಿ ಕೇಳಿದ. ನಾನು ಎದ್ದು ಗಾಡಿಯ ಕಡೆ ನಡೆದೆ. ಅಲ್ಲಿ ಇನ್ನೊಂದು ಕ್ಷಣ ಕೂತಿದ್ದರೆ ನಾನು ಅವನಿಗೆ ಬಾರಿಸಿಬಿಡುತ್ತಿದ್ದೆ.

ಈಗ ಬಿಂದು ಬೆಳಿಗ್ಗೆ ಎದ್ದು ಓದಿಕೊಳ್ಳುತ್ತಾಳೆ. ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಮಾರಿಕಣಿವೆಯ ಕಡೆಯಿಂದ ಮೀನು ತರುವ ರಂಗಯ್ಯ ಬೀದಿಯಲ್ಲಿ ಸಿಕ್ಕಾಗಲೆಲ್ಲ ಸೈಕಲ್ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಾನೆ. ಹುಷಾರಿಲ್ಲ ಎಂದು ಸುಳ್ಳು ಹೇಳುತ್ತೇನೆ. ಸೈಕಲ್ ಮಂಡಿಯಲ್ಲಿ ಕಾಯಿ ರಾಶಿಯ ಹಿಂದೆ ನಿಂತಿದೆ, ಚೆಂಡು ಹೂವಿನ ಹಾರ ಒಣಗಿ ಅದರ ಮೇಲೇ ಇದೆ.

ಮೊನ್ನೆ ನನ್ನ ತಮ್ಮ ಎಲ್ಲಿಂದಲೋ ಅಲ್ಯೂಮಿನಿಯಂ ಹ್ಯಾಂಡಲ್ ಒಂದನ್ನು ತರಿಸಿದ. ಅವಳು ಅಂದಿದ್ದಂಥದೇ. ಪೇಪರು ಬಿಚ್ಚಿ ಒರೆಸಿ, ಅದನ್ನು ಮಗುವಿನ ಹಾಗೆ ಎತ್ತಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದ. ಒಂದು ಗಳಿಗೆ ನನಗೂ ಅವನನ್ನು ಕಂಡು ಅಯ್ಯೋ ಅನ್ನಿಸಿತು.

"ಅಕ್ಕ, ಇದನ್ನ ಹಾಕ್ಸಿದ್ರೆ ಅವ್ಳು ಮತ್ತೆ ಸೈಕಲ್ ಹೊಡೀತಾಳಾ?"

"ನನ್ನನ್ಯಾಕೋ ಕೇಳ್ತೀಯ? ಅವ್ಳು ಒಳಗೇ ಅವ್ಳೆ. ಹೋಗಿ ಕೇಳು."

ಅವನು ಬಿಂದುವಿನ ಕೋಣೆಯ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು, ಅವಳು ಓದುತ್ತಿದ್ದ ದನಿ ಕೇಳುತ್ತಿತ್ತು. ಹೊಸಿಲಿನ ತನಕ ಹೋದ. ಅಲ್ಲೇ ನಿಂತ. ದನಿ ನಿಂತಿತು, ಅವಳೂ ಕಾದಳೇನೋ. ಆಮೇಲೆ ಅವನು ಹಿಂದಕ್ಕೆ ಬಂದು, ಹ್ಯಾಂಡಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಓಬಳೇಶಪ್ಪನ ಮಿಲ್ಲಿನ ಕಡೆ ಹೋದ.